ಬಾಗಿಲು ಮುಚ್ಚಿಸಿದವಳು

ಸ್ವೆಟರಿನ ಎಡತೋಳು ಸಲೀಸಾಗಿ ಹೋಯಿತು. ಬಲತೋಳು ಮಾತ್ರ ಮೊಣಕೈ ಹತ್ತಿರ ಸಿಕ್ಕಿಕೊಂಡು ಮುಂದಕ್ಕೆ ಹೋಗಲೊಲ್ಲದು. ಮಗಳು ತಾಯಿಯ ಕೈಯನ್ನು ಒಂದಿಷ್ಟು ಮೇಲೆತ್ತಿ ಮತ್ತೆ ಎಳೆದು ನೋಡಿದಳು.

"ಬಿಡಪ್ಪ, ಹೋಗ್ತಿಲ್ಲ. ಆ ನೀಲಿ ಶಾಲು ಹೊದಿಸಿಬಿಡೋಣ. ಲಕ್ಷಣವಾಗಿ ಕಾಣುತ್ತೆ."

"ಶಾಲು ಬೇಡ," ಎಂದ ಅಪ್ಪ, ಮಂಚದ ಆಚೆ ಬದಿಯಿಂದ. "ಡ್ಯೂಟಿಗೆ ಹೊರಟಾಗಲೆಲ್ಲ ಇದನ್ನ ಹಾಕ್ಕೊಂಡೇ ಹೊಸ್ತಿಲು ದಾಟಿದೋಳು. ಇವತ್ತು ಇದಿಲ್ದೆ ಹೇಗೆ ಕಳಿಸ್ಲಿ?"

ಹೊರಗೆ ರಣಬಿಸಿಲು. ಆದರೂ ಮಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅಪ್ಪ ಸುತ್ತಿ ಈಚೆಗೆ ಬಂದು, ಸ್ವೆಟರಿನ ತೋಳಿನ ತುದಿಯಿಂದ ತನ್ನ ಕೈ ಒಳಗೆ ತೂರಿಸಿ, ಹೆಂಡತಿಯ ಬೆರಳುಗಳನ್ನು ಹಿಡಿದು ಮೆಲ್ಲಗೆ ಹೊರಕ್ಕೆ ತಂದ. ಎಳೆಮಗುವಿಗೆ ಅಂಗಿ ತೊಡಿಸುವಾಗ ಮಾಡುತ್ತಾರಲ್ಲ, ಹಾಗೆ. ಆಮೇಲೆ ಒಂದೊಂದೇ ಗುಂಡಿ ಹಾಕಿದ.

ಅಮ್ಮ ಕೆಲಸ ಮಾಡಿದ್ದು ದೊಡ್ಡದೊಂದು ವಿಮಾನ ಕಂಪನಿಯ ಕಂಟ್ರೋಲ್ ರೂಮಿನಲ್ಲಿ. ಕಂಪನಿಯ ನೂರಾ ಎಂಬತ್ತು ವಿಮಾನಗಳಲ್ಲಿ ಯಾವುದು ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕು, ಯಾವ ಪೈಲಟ್ ಓಡಿಸಬೇಕು, ಒಂದು ಕೆಟ್ಟು ನಿಂತರೆ ಅದರ ಜಾಗಕ್ಕೆ ಯಾವುದನ್ನು ಕಳಿಸಬೇಕು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಕಿಟಕಿಯೇ ಇಲ್ಲದ ಆ ಒಂದು ಕೋಣೆಯಲ್ಲಿ. ಕಂಪ್ಯೂಟರುಗಳು ಬಿಸಿಯಾಗಬಾರದೆಂದು ಅಲ್ಲಿ ವರ್ಷವಿಡೀ ಏಸಿ ಹಾಕಿರುತ್ತಿದ್ದರು. "ಮಿಷನ್ನಿಗೆ ತಂಪು, ನಮಗೆ ಶೀತ," ಎಂದು ಗೊಣಗುತ್ತ ಅಮ್ಮ ಸ್ವೆಟರು ಏರಿಸುತ್ತಿದ್ದಳು. ಬೂದು ಬಣ್ಣದ ಸ್ವೆಟರುಗಳ ವಂಶದಲ್ಲಿ ಇದು ನಾಲ್ಕನೆಯದು. ನಿವೃತ್ತಿಯಾಗಿ ಐದು ವರ್ಷವಾಗಿದ್ದರೂ ಅದು ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು.

ಮೊನ್ನೆ ಬೆಳಿಗ್ಗೆ ಅಮ್ಮ ಪೇಪರು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದಳು. ಅಡುಗೆಮನೆಯಲ್ಲಿ ಅಪ್ಪ ಚಹಾ ಸೋಸುತ್ತಿದ್ದ.

"'ಚಹಾ ಈಗ ತಂದೆ' ಅಂದೆ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. "ಅವಳಿಗೆ ಹಾಗಂದ್ರೆ ಆಗ್ತಿರ್ಲಿಲ್ಲ. 'ಈಗ ಅಂದ್ರೆ ಎಷ್ಟು ನಿಮಿಷ?' ಅಂತ ಕೇಳೇ ಕೇಳೋಳು. ಮೊನ್ನೆ ಕೇಳ್ಲಿಲ್ಲ. ನಾನು ಅಲ್ಲೇ ತಿಳ್ಕೋಬೇಕಿತ್ತು."

ಮುಂದಿನ ಕೋಣೆಯಲ್ಲಿ ಜನ ಸೇರಿದ್ದರು. ನೆರೆಮನೆಯವರು, ಅಮ್ಮನ ಆಫೀಸಿನವರು, ಅಪ್ಪ ಕರಡು ತಿದ್ದುತ್ತಿದ್ದ ಅಚ್ಚುಕೂಟದ ಇಬ್ಬರು ಮುದುಕರು. ಬಾಗಿಲ ಬಳಿ ಎತ್ತರದ ಒಬ್ಬ ವಯಸ್ಸಾದ ಮನುಷ್ಯ ಹೂವಿನ ಗೊಂಚಲು ಹಿಡಿದು, ಒಳಗೆ ಬರಲೋ ಬೇಡವೋ ಎನ್ನುವಂತೆ ನಿಂತಿದ್ದ. ಮಗಳು ಹೋಗಿ ಕರೆದಳು.

"ನಾನು ಪೈಲಟ್ ಆಗಿದ್ದೆ," ಎಂದ ಆತ. "ಇಪ್ಪತ್ತೆರಡು ವರ್ಷ ನಿಮ್ಮ ತಾಯಿಯವರ ದನಿ ಕೇಳಿದೀನಿ. 'ಕ್ಯಾಪ್ಟನ್, ಒಂದು ಸಣ್ಣ ತೊಂದರೆ' ಅಂತ ಶುರು ಮಾಡೋರು. ಸಣ್ಣದು ಅಂದ್ರೆ ನಂಗೆ ದೊಡ್ಡದೇ ಕಾದಿದೆ ಅಂತ ಗೊತ್ತಾಗ್ತಿತ್ತು. ಮುಖ ನೋಡ್ತಿರೋದು ಇವತ್ತೇ ಮೊದಲು." ಮಂಚದ ಹತ್ತಿರ ಹೋಗಿ ಆತ ಬಹಳ ಹೊತ್ತು ನೋಡಿದ. "ಇಷ್ಟು ಸಣ್ಣ ಆಳು ಅಂದ್ಕೊಂಡಿರ್ಲಿಲ್ಲ. ಆ ದನಿಗೆ ಆರಡಿ ಎತ್ತರ ಇತ್ತು."

"ವಿಮಾನ ಹತ್ತಿದ್ರೆ ಇನ್ನೂ ಸಣ್ಣ ಆಗೋಳು," ಎಂದ ಅಪ್ಪ. "ಊರಿಗೆಲ್ಲ ವಿಮಾನ ಹತ್ತಿಸಿದ ಪುಣ್ಯಾತ್ಗಿತ್ತಿ, ತಾನು ಹತ್ತಿದ್ರೆ ಇಳಿಯೋ ತನಕ ಕಾಗದದ ಚೀಲಕ್ಕೆ ಮೂತಿ ಇಟ್ಕೊಂಡಿರೋಳು."

ಒಂದಿಬ್ಬರು ನಕ್ಕರು. ಅಷ್ಟರಲ್ಲಿ ಕಿವಿಗೆ ಫೋನು ಒತ್ತಿಕೊಂಡೇ ಮೋಡಮಾಮ ಒಳಗೆ ಬಂದರು. ಅವರು ಕಂಟ್ರೋಲ್ ರೂಮಿನಲ್ಲಿ ಹವಾಮಾನ ನೋಡುವವರು. ಎಲ್ಲಿ ಮಳೆ, ಎಲ್ಲಿ ಮಂಜು, ಯಾವ ಮೋಡ ಯಾವಾಗ ಎಲ್ಲಿಗೆ ಬರುತ್ತದೆ ಎಂದು ಹೇಳುವುದು ಮೂವತ್ತು ವರ್ಷದಿಂದ ಅವರ ಕಸುಬು. ಮಕ್ಕಳಾಗಿದ್ದಾಗ ಮಗಳೂ ಅವಳ ತಮ್ಮನೂ ಇಟ್ಟ ಹೆಸರು ಅದು. ಕೊನೆಗೆ ಆಫೀಸಿನವರೂ ಅದೇ ಹೆಸರು ಹಿಡಿದರು.

"ಎಲ್ಲಿದಾನಂತೆ ಮಾಮ?" ಮಗಳು ಕೇಳಿದಳು.

ತಮ್ಮ ದೂರದ ದೇಶವೊಂದರಲ್ಲಿ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಸುದ್ದಿ ತಿಳಿದ ಕೂಡಲೇ ಹೊರಟಿದ್ದ. ನಡುವೆ ಒಂದು ಕಡೆ ವಿಮಾನ ಬದಲಿಸಿ ಬರಬೇಕು.

"ಮೊದಲನೇದು ಮಂಜಿಗೆ ಸಿಕ್ಕಿ ತಡವಾಯ್ತು. ಎರಡನೇದನ್ನ ಆರು ನಿಮಿಷ ಹೊರಡಿಸದೆ ಹಿಡಿದ್ರು. ಇವನೊಬ್ಬನಿಗೆ ಅಂತಲ್ಲ, ಇನ್ನೂ ಇಪ್ಪತ್ತೆರಡು ಜನ ಅದೇ ವಿಮಾನದಿಂದ ಇಳಿದು ಇದಕ್ಕೆ ಹತ್ತಬೇಕಿತ್ತು. ಹತ್ತಿದಾನೆ. ಮೂರೂ ಕಾಲಿಗೆ ಇಳೀತಾನೆ."

"ಮೂರೂವರೆಗೆ ಚಿತಾಗಾರದಲ್ಲಿ ನಮ್ಮ ಸರದಿ."

"ಗೊತ್ತು. ಹೊರಡೋಣ, ಅಲ್ಲೇ ಹೋಗಿ ನೋಡೋಣ."

"ಹಿಡಿದ್ರು ಅಂದ್ರಲ್ಲ," ಎಂದಳು ಮಗಳು, ಮಂಚದ ಕಡೆ ನೋಡದೆ. "ಅಮ್ಮ ಆ ಕುರ್ಚೀಲಿ ಇದ್ದಿದ್ರೆ ಹಿಡೀತಿರ್ಲಿಲ್ಲ."

ಮೋಡಮಾಮ ಏನೋ ಹೇಳಲು ಬಾಯಿ ತೆರೆದರು. ಫೋನು ಜೇಬಿಗಿಟ್ಟು, ಮಂಚದ ಒಂದು ಕಾಲಿನ ಬಳಿ ಹೋಗಿ ನಿಂತರು.

*

ಮಗಳು ಒಂಬತ್ತು ವರ್ಷದವಳಿದ್ದಾಗ ಅಮ್ಮ ಒಂದು ರಜಾದಿನ ಅವಳನ್ನು ಕಂಟ್ರೋಲ್ ರೂಮಿಗೆ ಕರೆದುಕೊಂಡು ಹೋಗಿದ್ದಳು. ವಿಮಾನ ಕಾಣುತ್ತದೆ ಎಂದು ಆಸೆಪಟ್ಟು ಹೋದ ಮಗಳಿಗೆ ಅಲ್ಲಿ ಕಂಡದ್ದು ಗೋಡೆ ತುಂಬ ಹಚ್ಚಿದ ಪರದೆ, ಅದರ ಮೇಲೆ ಸಾಲುಸಾಲು ಬಣ್ಣದ ಪಟ್ಟಿ. ಹಸಿರು ಎಂದರೆ ವಿಮಾನ ಹೊತ್ತಿಗೆ ಸರಿಯಾಗಿದೆ, ಹಳದಿ ಎಂದರೆ ತಡ, ಕೆಂಪು ಎಂದರೆ ಗತಿ ಕೆಟ್ಟಿದೆ. ಪೈಲಟ್ಟುಗಳನ್ನು ಹೊಂದಿಸುವವರು ಒಂದು ಕಡೆ, ರಿಪೇರಿಯವರು ಇನ್ನೊಂದು ಕಡೆ, ದಾರಿ ಮತ್ತು ಇಂಧನದ ಲೆಕ್ಕ ಹಾಕುವವರು ಮತ್ತೊಂದು ಕಡೆ. ಎಲ್ಲರ ನಡುವೆ ಒಂದು ಮೆಟ್ಟಿಲು ಎತ್ತರದಲ್ಲಿ ಅಮ್ಮನ ಮೇಜು. ಎಲ್ಲರೂ ಫೋನಿನಲ್ಲಿ ಮಾತಾಡುತ್ತಿದ್ದರು, ಯಾರೂ ಕೂಗುತ್ತಿರಲಿಲ್ಲ.

"ಒಂದು ವಿಮಾನ ತಡ ಆದ್ರೆ ಏನಾಗುತ್ತೆ?" ಎಂದು ಅವಳು ಕೇಳಿದ್ದಳು.

"ನಮ್ಮ ಮನೇಲಿರೋದು ಒಂದೇ ಬಚ್ಚಲುಮನೆ ಅಲ್ವಾ?" ಎಂದಿದ್ದಳು ಅಮ್ಮ. "ಬೆಳಿಗ್ಗೆ ನೀನು ಒಳಗೆ ಹಾಡ್ಕೊಂಡು ಹತ್ತು ನಿಮಿಷ ಜಾಸ್ತಿ ಕೂತ್ರೆ ಅಪ್ಪಂಗೆ ಬಸ್ಸು ತಪ್ಪುತ್ತೆ. ಅಪ್ಪ ತಡವಾಗಿ ಹೋದ್ರೆ ಕರಡು ತಡ. ಕರಡು ತಡ ಆದ್ರೆ ಅಚ್ಚು ತಡ. ಸಂಜೆ ಯಾರೋ ಒಬ್ಬರು ಪೇಪರು ಬರ್ಲಿಲ್ಲ ಅಂತ ಬೈತಾರೆ. ನಿನ್ನ ಹಾಡಿಂದ ಹೀಗಾಯ್ತು ಅಂತ ಅವರಿಗೆ ಗೊತ್ತೇ ಇರಲ್ಲ. ಇಲ್ಲೂ ಅಷ್ಟೇ. ಒಂದು ಬಚ್ಚಲು, ನೂರಾರು ಜನ ಹೊರಗೆ ಟವಲು ಹಿಡ್ಕೊಂಡು ನಿಂತಿರ್ತಾರೆ."

ಆ ಕೋಣೆ ಅವಳಿಗೆ ಇಷ್ಟವಾಗಿತ್ತು. ಆಮೇಲೂ ನಾಲ್ಕೈದು ಸಲ ಹೋಗಿದ್ದಳು. ಅಮ್ಮನ ಹೆಡ್‌ಫೋನು ಹಾಕಿಕೊಂಡು, "ಕ್ಯಾಪ್ಟನ್, ಒಂದು ಸಣ್ಣ ತೊಂದರೆ," ಎಂದು ಸುಳ್ಳುಸುಳ್ಳೇ ಮಾತಾಡಿದ್ದಳು.

ಹನ್ನೊಂದನೇ ವಯಸ್ಸಿನಲ್ಲಿ ಆ ದಿನ ಬಂತು.

ಅಮ್ಮನ ಅಮ್ಮ ಇದ್ದದ್ದು ಸಮುದ್ರದಂಡೆಯ ಊರಿನಲ್ಲಿ. ವಿಮಾನದಲ್ಲಿ ಒಂದು ಗಂಟೆ, ರಸ್ತೆಯಲ್ಲಾದರೆ ಹದಿನಾಲ್ಕು. ಅಮ್ಮನ ಪಾಳಿಯ ಕೆಲಸದ ದೆಸೆಯಿಂದ ನಾಲ್ಕು ವರ್ಷದವರೆಗೆ ಮಗಳನ್ನು ಸಾಕಿದ್ದು ಅಜ್ಜಿಯೇ. ಆ ಅಜ್ಜಿ ಆಸ್ಪತ್ರೆ ಸೇರಿದ್ದಾಳೆ, ಮೊಮ್ಮಗಳನ್ನು ಕೇಳುತ್ತಿದ್ದಾಳೆ ಎಂದು ಬೆಳಿಗ್ಗೆ ಫೋನು ಬಂತು. ಎರಡು ದಿನದಿಂದ ಗಾಳಿಮಳೆ. ಅಮ್ಮ ಆರು ಗಂಟೆಗೇ ಕೆಲಸದ ಮೇಲಿದ್ದಳು, ಅವಳ ಜಾಗಕ್ಕೆ ಬರಬೇಕಾದವರು ನೀರಿನಲ್ಲಿ ಸಿಕ್ಕಿಬಿದ್ದಿದ್ದರು. ಹತ್ತೂವರೆಯ ವಿಮಾನದಲ್ಲಿ ಗಂಡನಿಗೂ ಮಕ್ಕಳಿಗೂ ಜಾಗ ಹಿಡಿದು, "ನೀವು ಹೊರಡಿ, ಮಧ್ಯಾಹ್ನ ನಾನು ಬರ್ತೀನಿ," ಎಂದಿದ್ದಳು.

ರಸ್ತೆ ತುಂಬ ನೀರು. ವಿಮಾನ ನಿಲ್ದಾಣ ಮುಟ್ಟುವಾಗ ಹತ್ತು ಗಂಟೆ ದಾಟಿ ಹೋಗಿತ್ತು. ಐದು ವರ್ಷದ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಓಡಿದ, ಹಿಂದೆ ಮಗಳು. ತಪಾಸಣೆ ದಾಟಿ ಅರ್ಧ ದಾರಿ ಹೋದ ಮೇಲೆ ಅವಳಿಗೆ ನೆನಪಾಯಿತು: ಅಜ್ಜಿಯ ಕನ್ನಡಕ. ಹೋದ ತಿಂಗಳು ಬಂದಾಗ ಅಜ್ಜಿ ಒಡೆದುಕೊಂಡದ್ದು, ಹೊಸ ಕಟ್ಟು ಹಾಕಿಸಿ ತರುತ್ತಿದ್ದದ್ದು, ತಪಾಸಣೆಯ ತಟ್ಟೆಯಲ್ಲೇ ಉಳಿದಿತ್ತು. "ಅದಿಲ್ದೆ ಅಜ್ಜಿಗೆ ನಾನು ಕಾಣಲ್ಲ," ಎಂದು ಅವಳು ನೆಲಕ್ಕೆ ಕಾಲು ಊರಿ ನಿಂತುಬಿಟ್ಟಳು. ಅಪ್ಪ ತಮ್ಮನನ್ನು ಅವಳ ಕೈಗೆ ಕೊಟ್ಟು ವಾಪಸು ಓಡಿದ. ಕನ್ನಡಕ ಸಿಕ್ಕಿತು.

ಗೇಟಿಗೆ ಬಂದಾಗ ಬಾಗಿಲು ಮುಚ್ಚಿತ್ತು. ಗಾಜಿನಾಚೆ ವಿಮಾನ ಇನ್ನೂ ಅಲ್ಲೇ ಇತ್ತು. ಅವರು ನೋಡುತ್ತಿದ್ದಂತೆ ಒಂದು ಪುಟ್ಟ ಗಾಡಿ ಅದನ್ನು ಹಿಂದಕ್ಕೆ ತಳ್ಳಲು ಶುರುಮಾಡಿತು. "ಕಂಟ್ರೋಲಿಂದ ಹೇಳಿದಾರೆ, ತೆಗೆಯೋ ಹಾಗಿಲ್ಲ," ಎಂದಳು ಗೇಟಿನವಳು.

ಅಜ್ಜಿ ಮೂರು ಗಂಟೆಗೆ ಹೋದಳು. ಇವರು ಮುಟ್ಟಿದ್ದು ಸಂಜೆ, ಅಮ್ಮನ ಜೊತೆಗೇ.

ಮಣ್ಣು ಮಾಡಿ ಬಂದ ಮೇಲೆ ಮಗಳು ಅಮ್ಮನ ಎದುರು ನಿಂತು ಕೇಳಿದ್ದಳು. "ಬಾಗಿಲು ಮುಚ್ಚು ಅಂದಿದ್ದು ಯಾರು?"

"ನಾನೇ."

"ನಾವು ಬರ್ತಿದೀವಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅಮ್ಮ ಅದಕ್ಕಿಂತ ಹೆಚ್ಚು ಒಂದು ಮಾತು ಆಡಲಿಲ್ಲ, ಅವತ್ತೂ, ಆಮೇಲೂ. ಇಪ್ಪತ್ತಾರು ವರ್ಷ ತಾಯಿ ಮಗಳ ನಡುವೆ ಜಗಳವಾಗಲಿಲ್ಲ. ಊಟ ಆಯ್ತಾ, ಆಯ್ತು. ಮೈ ಹುಷಾರಾ, ಹುಷಾರು. ಮಗಳು ಓದಿದಳು, ಮದುವೆಯಾದಳು, ಗಂಡನಿಂದ ಬೇರೆಯಾಗಿ ಇದೇ ಊರಿಗೆ ಬಂದು ಮೂರು ಬೀದಿಯಾಚೆ ಮನೆ ಮಾಡಿದಳು. ಹಬೆಯಾಡುವ ಸಾರಿನ ಡಬ್ಬಿ ಹಿಡಿದು ಅಮ್ಮ ಬರುತ್ತಿದ್ದಳು. ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದಳು. ಕಂಟ್ರೋಲ್ ರೂಮಿಗೆ ಮಗಳು ಮತ್ತೆ ಕಾಲಿಡಲಿಲ್ಲ.

*

ಚಿತಾಗಾರದ ಅಂಗಳದಲ್ಲಿ ಎರಡು ಶವದ ಗಾಡಿಗಳು ನಿಂತಿದ್ದವು. ಒಂದು ಇವರದು, ಇನ್ನೊಂದು ಮುಂದಿನ ಸರದಿಯವರದು. ವಿದ್ಯುತ್ ಕುಲುಮೆಗಳು ಎರಡಿದ್ದರೂ ಒಂದು ಕೆಟ್ಟಿತ್ತು.

ಪಟ್ಟಿ ಹಿಡಿದ ಗುಮಾಸ್ತ ಕೆಟ್ಟವನಲ್ಲ. "ಹತ್ತು ನಿಮಿಷ ನನ್ನ ಕೈಲಿದೆ," ಎಂದ. "ಅಂದ್ರೆ ಮೂರೂ ನಲವತ್ತು. ಅದರ ಮೇಲೆ ಆಗಲ್ಲಮ್ಮ. ಮುಂದಿನ ಸರದಿಯವರದೂ ಇದೆಯಲ್ಲ, ಅವರೂ ಮನುಷ್ಯರು. ಐದೂವರೆಗೆ ಮಿಷನ್ ನಿಲ್ಲಿಸ್ಬೇಕು."

ಆಗ ಮೂರೂ ಇಪ್ಪತ್ತು. ತಮ್ಮನಿಂದ ಇಳಿದೆ ಎಂದೊಂದು ಸಂದೇಶ ಬಂದಿತ್ತು, ಅಷ್ಟೇ. ಮಗಳು ಮೋಡಮಾಮನನ್ನು ಹುಡುಕಿದಳು. ಅವರು ಬೇವಿನ ಮರದ ಕಟ್ಟೆಯ ಮೇಲೆ ಕೂತು ಆಫೀಸಿನವರ ಜೊತೆ ಫೋನಿನಲ್ಲಿದ್ದರು.

"ಎಷ್ಟೊತ್ತಾಗುತ್ತೆ ಮಾಮ? ಸಮಾಧಾನಕ್ಕೆ ಹೇಳ್ಬೇಡಿ, ಸರಿಯಾಗಿ ಹೇಳಿ. ಆ ಲೆಕ್ಕದ ಮೇಲೆ ನಾನು ಮುಂದಿನವರನ್ನ ಕೇಳ್ಬೇಕು."

ಮೋಡಮಾಮ ಫೋನು ಕೆಳಗಿಟ್ಟರು. 

"ನಿಮ್ಮನೆಗೆ ನಿಮಿಷ ಹೇಳೋಕೆ ನಂಗೆ ಹೆದ್ರಿಕೆ ಮಗಳೇ. ಒಂದು ಸಲ ಹೇಳಿ ತಪ್ಪಿದೀನಿ."

"ಏನು ಹಾಗಂದ್ರೆ?"

"ಕೂತ್ಕೋ." ಅವಳು ಕೂರಲಿಲ್ಲ. ಅವರು ನೆಲ ನೋಡುತ್ತ ಹೇಳಿದರು. "ನಿಮ್ಮಜ್ಜಿ ಹೋದ ದಿನ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ದೊಡ್ಡದೊಂದು ಮೋಡದ ಸಾಲು ಊರಿನ ಕಡೆ ಬರ್ತಿತ್ತು. ಅದು ಬಂದು ಕೂತ್ರೆ ನಾಲ್ಕೈದು ಗಂಟೆ ಒಂದು ವಿಮಾನ ಏಳೋ ಹಾಗಿಲ್ಲ. ನೀವು ಹೋಗ್ಬೇಕಾಗಿದ್ದ ವಿಮಾನ ಸಿದ್ಧವಾಗಿತ್ತು, ನೂರಾ ನಲವತ್ತು ಜನ ಒಳಗೆ ಕೂತಿದ್ರು. ಅಕ್ಕ, ನಿಮ್ಮಮ್ಮ, ನನ್ನ ಮೇಜಿಗೆ ಬಂದ್ರು. ಹೆಡ್‌ಫೋನು ಕಿವಿಯಿಂದ ತೆಗೆದು ಹೇಳಿದ್ರು, 'ಅದರಲ್ಲಿ ನಮ್ಮನೆಯವರು ಹೋಗ್ಬೇಕು, ಇನ್ನೂ ಬಂದಿಲ್ಲ. ಹಾಗಾಗಿ ಇದನ್ನ ನಾನು ತೀರ್ಮಾನ ಮಾಡ್ಬಾರ್ದು. ನಾನು ನಿಂಗೆ ಏನೂ ಹೇಳಲ್ಲ. ಎಷ್ಟು ಹೊತ್ತು ಹಿಡೀಬಹುದು, ನೀನು ಹೇಳು. ನೀನು ಹೇಳಿದಷ್ಟೇ.'"

"ನೀವು ಏನಂದ್ರಿ?"

"ನಾಲ್ಕು ನಿಮಿಷ ಅಂದೆ."

ಮಗಳು ಅವರ ಕಡೆ ಒಂದು ಹೆಜ್ಜೆ ಮುಂದೆ ಬಂದಳು.

"ನಾಲ್ಕು ನಿಮಿಷ ಹಿಡಿದ್ರು. ಗೇಟಿಗೆ ತಾವೇ ಫೋನ್ ಮಾಡಿ, ಬಾಗಿಲು ತೆಗೆದೇ ಇಡಿ ಅಂದ್ರು. ಆಮೇಲೆ ನನ್ನ ಪಕ್ಕದಲ್ಲೇ ನಿಂತ್ಕೊಂಡ್ರು. ನಾಲ್ಕು ನಿಮಿಷ ಆಯ್ತು. ನನ್ನ ಮುಖ ನೋಡಿದ್ರು. ನಾನು ಪರದೆ ನೋಡ್ದೆ. ಮುಚ್ಚಿ ಅಂದ್ರು." ಮೋಡಮಾಮ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. "ಮೋಡ ನಾನು ಹೇಳಿದ ಹೊತ್ತಿಗೆ ಬರ್ಲಿಲ್ಲ. ಏಳು ನಿಮಿಷ ತಡವಾಗಿ ಬಂತು. ಹೆದ್ರಿಕೊಂಡು ಕಮ್ಮಿ ಹೇಳಿದ್ದೆ. ಧೈರ್ಯ ಮಾಡಿ ಎಂಟು ಅಂದಿದ್ರೂ ವಿಮಾನ ಏಳ್ತಿತ್ತು. ನೀವೂ ಹತ್ತಿರ್ತಿದ್ರಿ."

"ಅಮ್ಮ ಇದನ್ನ ನಂಗೆ ಹೇಳ್ಲೇ ಇಲ್ಲ."

"ನಾನು ಹೇಳ್ತೀನಿ ಅಂತ ಎಷ್ಟು ಸಲ ಕೇಳ್ಕೊಂಡೆ. ನಿನ್ನ ಮದುವೆಗೆ ಬಂದಾಗಲೂ ಕೇಳ್ದೆ. ಬೇಡ ಅಂದ್ರು. 'ಆ ಕುರ್ಚೀಲಿ ಕೂತಿದ್ದೋಳು ನಾನು, ಬಾಗಿಲು ಮುಚ್ಚಿಸಿದ್ದು ನಾನು. ನೀನು ಮೋಡ ನೋಡು, ನನ್ನ ಮಗಳನ್ನ ನಾನು ನೋಡ್ಕೋತೀನಿ' ಅಂದ್ರು. ನನ್ನ ಹೆಸರು ಉಳಿಸೋಕೆ ಹಾಗೆ ಮಾಡಿದ್ರು ಅಂತ ಇವತ್ತಿಗೂ ನನ್ನ ಎದೇಲಿ ಚುಚ್ಚುತ್ತೆ."

ಮಗಳು ಮರದ ಕಾಂಡಕ್ಕೆ ಕೈ ಊರಿ ನಿಂತಳು. ಬಿಸಿಲಿನ ಅಂಗಳ ಅವಳ ಕಣ್ಣೆದುರು ಇರಲಿಲ್ಲ. ಗಾಜಿನಾಚೆಯ ವಿಮಾನ ಇತ್ತು, ಅದು ಹಿಂದಕ್ಕೆ ಸರಿಯುವ ಮೊದಲು ಇನ್ನೂ ಅಲ್ಲೇ ನಿಂತಿದ್ದದ್ದು. ಅವರು ಗೇಟಿಗೆ ಬಂದದ್ದು ಬಾಗಿಲು ಮುಚ್ಚಿ ಒಂದೋ ಎರಡೋ ನಿಮಿಷಕ್ಕೆ. ತಪಾಸಣೆಯ ತನಕ ಅಪ್ಪ ಓಡಿ ಹೋಗಿ ಬಂದದ್ದು ಎಷ್ಟು ನಿಮಿಷ? ಮೂರು? ತಮ್ಮನನ್ನು ಸೊಂಟದ ಮೇಲೆ ಹೊತ್ತು ಅವಳು ನೂರು ಎಣಿಸಿದ್ದಳು, ನೂರಾದ ಮೇಲೆ ಮತ್ತೆ ಒಂದರಿಂದ.

ಮೋಡಮಾಮನಿಗೆ ಕನ್ನಡಕದ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೂರೇ ಜನಕ್ಕೆ. ಅವಳಿಗೆ, ಅಪ್ಪನಿಗೆ, ಅಪ್ಪ ಹೇಳಿದ್ದರೆ ಅಮ್ಮನಿಗೆ.

ಅಪ್ಪ ಗಾಡಿಯ ಹಿಂಬಾಗಿಲ ಹತ್ತಿರ, ಹೆಂಡತಿಯ ಕಾಲಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಗಳು ಅವನೆದುರು ಕುಕ್ಕುರುಗಾಲಲ್ಲಿ ಕೂತಳು.

"ಅಪ್ಪ, ನಾಲ್ಕು ನಿಮಿಷ ಹಿಡಿದಿದ್ದು ನಿಂಗೆ ಗೊತ್ತಿತ್ತಾ?"

ಅಪ್ಪ ಮರದ ಕಡೆ ನೋಡಿದ. "ಹೇಳಿದ್ನಾ ಅವನು?"

"ಗೊತ್ತಿತ್ತಾ ಅಂತ ಕೇಳ್ದೆ."

"ಹೂಂ."

"ಮತ್ತೆ ಯಾಕೆ?"

"ಅವತ್ತೇ ಸಂಜೆ ನಿಮ್ಮಜ್ಜಿ ಮನೆ ಹಿತ್ತಲಲ್ಲಿ ಅವಳಿಗೆ ಕನ್ನಡಕದ ವಿಷಯ ಹೇಳ್ದೆ. ಪೂರ್ತಿ ಕೇಳ್ಕೊಂಡ್ಲು. ಆಮೇಲೆ, 'ಹಾಗಾದ್ರೆ ಹಿಡಿದಿದ್ದೆ ಅಂತ ಮಗೂಗೆ ಹೇಳ್ಬೇಡ' ಅಂದ್ಲು. 'ಹೇಳಿದ್ರೆ ಲೆಕ್ಕ ಹಾಕ್ತಾಳೆ, ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಅಮ್ಮ ಕೆಟ್ಟೋಳು ಅಂದ್ಕೊಂಡು ಬದುಕಬಹುದು. ತನ್ನಿಂದ ಅಜ್ಜಿಯ ಮುಖ ನೋಡೋದು ತಪ್ಪಿತು ಅಂದ್ಕೊಂಡು ಹನ್ನೊಂದು ವರ್ಷದ ಮಗು ಹೇಗೆ ಬದುಕುತ್ತೆ?'"

"ನಾನು ದೊಡ್ಡೋಳಾದ್ಮೇಲಾದ್ರೂ..."

"ನಾನೂ ಅದನ್ನೇ ಕೇಳ್ದೆ, ನಿನ್ನ ಮೂವತ್ತನೇ ಹುಟ್ಟಿದಹಬ್ಬದ ದಿನ. 'ಇನ್ನೂ ಸ್ವಲ್ಪ ಇರ್ಲಿ' ಅಂದ್ಲು. ಸ್ವಲ್ಪ ಅಂದ್ರೆ ಎಷ್ಟು ನಿಮಿಷ ಅಂತ ನಾನು ಕೇಳ್ಲಿಲ್ಲ." ಅಪ್ಪ ಹೆಂಡತಿಯ ಮೇಲಿನ ಬಟ್ಟೆಯ ಅಂಚು ಸರಿಮಾಡಿದ. "ತಪ್ಪು ಹುಡುಕೋದು ನನ್ನ ಕಸುಬು ಕಣೇ. ಇವಳು ಇದನ್ನ ಮಾತ್ರ ತಿದ್ದೋಕೆ ಬಿಡ್ಲಿಲ್ಲ."

ಮಗಳು ಗಾಡಿಯೊಳಗೆ ಬಗ್ಗಿ, ಬಟ್ಟೆಯ ಮೇಲಿಂದಲೇ ಅಮ್ಮನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಮ್ಮ," ಎಂದಳು, ಅಷ್ಟೇ. ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಮೂರೂ ಮೂವತ್ತೆರಡು.

"ಮಾಮ," ಎಂದಳು ಮರದ ಬಳಿಗೆ ಬಂದು. "ಹೆದ್ರಬೇಡಿ. ಹೇಳಿ. ತಪ್ಪಾದ್ರೆ ಆಗ್ಲಿ."

ಮೋಡಮಾಮ ಫೋನು ನೋಡಿದರು, ರಸ್ತೆ ನೋಡಿದರು, ಅಭ್ಯಾಸಬಲದಿಂದ ಆಕಾಶವನ್ನೂ ನೋಡಿದರು. "ಮೂರೂ ಐವತ್ತೈದು. ಎರಡು ನಿಮಿಷ ಆಕಡೆ ಈಕಡೆ."

ಇನ್ನೊಂದು ಗಾಡಿಯ ಜೊತೆ ಬಂದವರು ನಾಲ್ಕೇ ಜನ. ಖಾಕಿ ಅಂಗಿಯ ದಪ್ಪ ಮೀಸೆಯ ಗಂಡಸು ಬಾಗಿಲಿಗೆ ಒರಗಿ ನಿಂತಿದ್ದ; ಒಳಗಿದ್ದದ್ದು ಅವನ ಹೆಂಡತಿ. ಅವನ ಪಕ್ಕ ತುಂಬ ವಯಸ್ಸಾದ ಹೆಂಗಸು, ಅವನ ಅತ್ತೆ, ಬಿಸಿಲಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಮೊದಲು ಆಕೆಗೆ ನೆರಳಲ್ಲಿ ಒಂದು ಕುರ್ಚಿ ಹಾಕಿಸಿ, ಕೂರಿಸಿ, ನೀರು ಕೊಟ್ಟಳು. ಆಮೇಲೆ ವಿಷಯ ಹೇಳಿದಳು.

"ನಮ್ಮನ್ನ ಮೊದಲು ಬಿಡೋಕಾಗಲ್ವಾ?" ಎಂದ ಆತ. "ನಾವು ಮುಂದೆ ಹೋಗ್ತೀವಿ, ನೀವು ಆಮೇಲೆ."

"ಹಾಗೂ ಗುಮಾಸ್ತರನ್ನ ಕೇಳ್ದೆ. ನಿಮ್ಮ ಕಾಗದಕ್ಕೆ ಸಹಿ ಹಾಕೋರು ನಾಲ್ಕು ಗಂಟೆಗೆ ಬರೋದಂತೆ. ಕಾದ್ರೆ ನಿಮಗೂ ತಡ ಆಗುತ್ತೆ. ನಿಮ್ಮ ಅತ್ತೆಯವರಿಗೆ ಕಷ್ಟ. ಹಾಗಾಗಿ ನೀವು ಬೇಡ ಅಂದ್ರೆ ನಾನು ಬೇಜಾರು ಮಾಡ್ಕೊಳಲ್ಲ. ನಿಜವಾಗ್ಲೂ."

ಅವನು ಅತ್ತೆಯ ಕಡೆ ನೋಡಿದ. ಮುದುಕಿ ನೀರಿನ ಲೋಟ ಹಿಡಿದೇ ಆಗಲಿ ಎಂದು ತಲೆಯಾಡಿಸಿದಳು.

"ನಾನು ಬಸ್ ಓಡ್ಸೋನಮ್ಮ," ಎಂದ ಅವನು. "ಓಡಿ ಬರೋರು ಕನ್ನಡೀಲಿ ಕಂಡ್ರೆ ನಂಗೆ ಗಾಡಿ ಎತ್ತೋಕೆ ಕಾಲೇ ಬರಲ್ಲ. ಡಿಪೋದಲ್ಲಿ ದಿನಾ ಬೈಸ್ಕೊಳ್ತೀನಿ. ಇವಳೂ ಬೈಯೋಳು, 'ನೀನು ಕಾಯೋದು ಒಬ್ಬರಿಗೆ, ಮಿಕ್ಕ ಐವತ್ತು ಜನಕ್ಕೆ ಮನೆಮಠ ಇಲ್ವಾ' ಅಂತ. ನನ್ನ ಲೆಕ್ಕದಲ್ಲಿ ಕಾಲು ಗಂಟೆ ತಗೊಳ್ಳಿ."

*

ಮೂರೂ ಐವತ್ತೈದಾಯಿತು. ಗೇಟಿನಲ್ಲಿ ಯಾರೂ ಇಲ್ಲ. ಐವತ್ತಾರು. ಗುಮಾಸ್ತ ಹೊರಗೆ ಬಂದು ಡ್ರೈವರಿನ ಮುಖ ನೋಡಿದ. ಡ್ರೈವರು ಕೈಗಡಿಯಾರ ಬಿಚ್ಚಿ ಕಿವಿಗೆ ಹಿಡಿದು, ಅಲ್ಲಾ­ಡಿಸಿ, "ನಂದು ಯಾಕೋ ಹಿಂದಿದೆ," ಎಂದ. ಐವತ್ತೇಳು. ಐವತ್ತೆಂಟಕ್ಕೆ ಟ್ಯಾಕ್ಸಿಯೊಂದು ಧೂಳೆಬ್ಬಿಸುತ್ತ ತಿರುಗಿತು. ಅದು ಪೂರ್ತಿ ನಿಲ್ಲುವ ಮೊದಲೇ ತಮ್ಮ ಬಾಗಿಲು ತೆಗೆದು ಓಡಿ ಬಂದ. ಬ್ಯಾಗಿಲ್ಲ, ಗಡ್ಡ ಬೆಳೆದಿದೆ, ಅಂಗಿಯ ಮೇಲೆ ಚಹಾದ ಕಲೆ.

ಅವನು ಅಮ್ಮನ ಮುಖ ನೋಡಿದ. ಹಣೆಯ ಮೇಲೆ ಕೈ ಇಟ್ಟ.  ಆಮೇಲೆ ನಾಲ್ವರು ಸೇರಿ ಒಳಗೆ ಒಯ್ದರು: ತಮ್ಮ, ಮಗಳು, ಮೋಡಮಾಮ ಮತ್ತು ದನಿ ಮಾತ್ರ ಕೇಳಿದ್ದ ಆ ಪೈಲಟ್.

ಕುಲುಮೆಯ ಬಾಗಿಲು ಮುಚ್ಚಿದ ಮೇಲೆ, ಹೊರಗಿನ ಜಗುಲಿಯಲ್ಲಿ ತಮ್ಮ ಅಕ್ಕನ ಪಕ್ಕ ಕುಸಿದು ಕೂತ.

"ನನ್ನಿಂದ ಎಲ್ಲರಿಗೂ ತಡ ಆಯ್ತಾ ಅಕ್ಕಾ? ಮೂರೂವರೆ ಅಂತ ನೀನು ಅಂದಿದ್ದೆ. ಇಲ್ಲಿ ವಿಮಾನ ಇಳಿದ್ಮೇಲೆ ಫೋನು ಸೀಟಲ್ಲೇ ಬಿಟ್ಟುಬಂದೆ. ವಾಪಸು ಹೋಗಿ ತಂದೆ. ಬಿಟ್ಟು ಬಂದಿದ್ರೆ ಹತ್ತು ನಿಮಿಷ ಮೊದಲೇ ಇಲ್ಲಿರ್ತಿದ್ದೆ. ಯಾರಿಗಾದ್ರೂ ತೊಂದರೆ ಆಯ್ತಾ?"

ಮಗಳು ಅವನ ಅಂಗಿಯ ಕಲೆಯನ್ನು ನೋಡಿದಳು.

"ಇಲ್ಲ ಕಣೋ," ಎಂದಳು. "ಇಲ್ಲೇ ತಡ ಇತ್ತು. ಒಂದು ಮಿಷನ್ ಕೆಟ್ಟಿದೆಯಲ್ಲ. ನೀನು ಸರಿಯಾದ ಹೊತ್ತಿಗೇ ಬಂದೆ."

ಎದುರಿನ ಬೆಂಚಿನಲ್ಲಿದ್ದ ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ನೋಡುತ್ತಲೇ ಇದ್ದ. ಅವಳು ಕಣ್ಣು ತಪ್ಪಿಸಲಿಲ್ಲ.

ಡ್ರೈವರಿನ ಹೆಂಡತಿಯ ಸರದಿ ಬಂದಾಗ ಇವರ ಕಡೆಯವರು ಯಾರೂ ಹೊರಡಲಿಲ್ಲ. ಹೊರುವುದಕ್ಕೆ ಜನ ಸಾಲದೆ ಡ್ರೈವರು ಆಚೀಚೆ ನೋಡುತ್ತಿದ್ದಾಗ ತಮ್ಮ ತಾನಾಗಿಯೇ ಹೋಗಿ ಹೆಗಲು ಕೊಟ್ಟ. ಅವರು ತನಗಾಗಿ ಕಾದದ್ದು ಅವನಿಗೆ ಗೊತ್ತಿರಲಿಲ್ಲ. ಮಗಳು ಮುದುಕಿಯ ಕೈ ಹಿಡಿದುಕೊಂಡಿದ್ದಳು.

*

ಮೋಡಮಾಮನಿಗೆ ಆರು ಗಂಟೆಗೆ ಪಾಳಿ. "ಟ್ಯಾಕ್ಸಿ ಯಾಕೆ, ನಾನೇ ಬಿಡ್ತೀನಿ," ಎಂದಳು ಮಗಳು. ಅಪ್ಪನೂ ತಮ್ಮನೂ ಹಿಂದಿನ ಸೀಟಿನಲ್ಲಿ ಕೂತರು. ಆಫೀಸಿನ ಮುಂದೆ ಕಾರು ನಿಲ್ಲಿಸಿ, ಮೋಡಮಾಮ ಇಳಿದ ಮೇಲೂ ಅವಳು ಗೇರು ಹಾಕಲಿಲ್ಲ.

"ಒಳಗೆ ಬಿಡ್ತಾರಾ ಮಾಮ?"

ಮೋಡಮಾಮ ಅವಳ ಕಡೆಯ ಬಾಗಿಲು ತೆಗೆದರು.

ಕೋಣೆ ಮೊದಲಿಗಿಂತ ದೊಡ್ಡದಾಗಿತ್ತು, ಪರದೆಗಳು ಹೊಸವು, ಚಳಿ ಮಾತ್ರ ಅದೇ. ಎಲ್ಲೋ ಗಾಳಿ ಎದ್ದಿರಬೇಕು. ಗೋಡೆಯ ಮೇಲೆ ಹಳದಿ ಪಟ್ಟಿಗಳು ಹೆಚ್ಚಿದ್ದವು, ನಲವತ್ತು ಜನ ನಲವತ್ತು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಡುವಿನ ಎತ್ತರದ ಮೇಜಿನಿಂದ, ಅಮ್ಮನೇ ಕೆಲಸ ಕಲಿಸಿದ ಈಗಿನ ಮೇಲ್ವಿಚಾರಕಿ ಎದ್ದು ಬಂದಳು. ಅಪ್ಪನ ಕೈ ಹಿಡಿದುಕೊಂಡಳು.

"ಬರೋಕಾಗ್ಲಿಲ್ಲ ಅಂಕಲ್. ನೋಡಿ, ಇಲ್ಲಿ ಹೀಗಿದೆ. ಅಕ್ಕನಿಗೋಸ್ಕರ ಒಂದು ನಿಮಿಷ ಮೌನವಾಗಿ ಎದ್ದು ನಿಲ್ಲೋಣ ಅಂತ ಬೆಳಿಗ್ಗೆಯಿಂದ ನೋಡ್ತಿದೀವಿ. ಎಲ್ಲರೂ ಒಟ್ಟಿಗೆ ನಿಂತ್ರೆ ಫೋನು ಎತ್ತೋರು ಇರಲ್ಲ."

"ಬೇಡಮ್ಮ ಬಿಡು. ಅವಳಿಗೂ ಅದು ಸೇರ್ತಿರ್ಲಿಲ್ಲ."

"ಇಲ್ಲ, ಸರದಿ ಮೇಲೆ ನಿಲ್ತೀವಿ. ನೀವು ಬಂದ್ರಲ್ಲ, ಈಗ್ಲೇ."

ಅವಳು ಕೈ ಎತ್ತಿ ಹವಾಮಾನದ ಮೇಜಿನ ಕಡೆ ಸನ್ನೆ ಮಾಡಿದಳು. ಮೋಡಮಾಮ ಆಗಷ್ಟೇ ಕೂತು ಹಾಕಿಕೊಂಡಿದ್ದ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತರು. ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಅವರು ಕೂತರು, ಪಕ್ಕದವಳು ಎದ್ದಳು. ಅವಳು ಕೂತಳು, ಅವಳಾಚೆಯವನು ಎದ್ದ. ಮಾತು ಎಲ್ಲೂ ನಿಲ್ಲಲಿಲ್ಲ, ಯಾವ ಪಟ್ಟಿಯೂ ನಿಲ್ಲಲಿಲ್ಲ. ಅಷ್ಟು ಜನರ ಮಾತಿನ ನಡುವೆ ಒಂದೇ ಒಂದು ಮೌನ ಮೇಜಿನಿಂದ ಮೇಜಿಗೆ ನಡೆದುಕೊಂಡು ಹೋಗುತ್ತಿತ್ತು.

ಅಪ್ಪ, ಮಗಳು, ಮಗ ಮೂವರೂ ಗೋಡೆಗೊರಗಿ ನೋಡುತ್ತಿದ್ದರು. ಮೌನ ಎರಡನೇ ಸಾಲಿಗೆ ಬಂದಾಗ, ಪೈಲಟ್ಟುಗಳನ್ನು ಹೊಂದಿಸುವ ಒಬ್ಬ ಹುಡುಗಿ ಎದ್ದು ಕಣ್ಣು ಮುಚ್ಚಿ ನಿಂತಳು. ಅಮ್ಮನನ್ನು ಅವಳು ಕಂಡಿರಲಾರಳು, ಅಷ್ಟು ಚಿಕ್ಕವಳು. ಅವಳ ಮೇಜಿನ ಮೇಲೆ ಫೋನಿನ ದೀಪ ಮಿನುಗತೊಡಗಿತು. ಪಕ್ಕದವನು ತನ್ನ ಮಾತು ಅರ್ಧಕ್ಕೆ ನಿಲ್ಲಿಸಿ, ಕೈ ಚಾಚಿ ಅದನ್ನು ಎತ್ತಿಕೊಂಡು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಸ್ವಲ್ಪ ಹಿಡ್ಕೊಳ್ಳಿ ಸರ್. ಒಂದೇ ನಿಮಿಷ."